ನಲವತ್ತನಾಲ್ಕನೇ ಆಸಾಮಿ

ಟಪಾಲು ಗುಮಾಸ್ತರಿಗೆ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ ಹುಟ್ಟಿದ್ದು ಷಡ್ಡಕರ ಮನೆಯ ಊಟದ ಮೇಜಿನ ಮುಂದೆ, ಎರಡನೇ ಸಲ ಬಡಿಸಿಕೊಂಡದ್ದಕ್ಕೂ ಮೂರನೇ ಸಲ ಬೇಡವೆಂದದ್ದಕ್ಕೂ ನಡುವಿನ ಅರ್ಧ ನಿಮಿಷದಲ್ಲಿ. ಅದಕ್ಕೆ ಮುಂಚೆ ನಲವತ್ತಾರು ವರ್ಷ ಅವರು ಆ ಆಸೆಯಿಲ್ಲದೆ ಆರೋಗ್ಯವಾಗಿಯೇ ಇದ್ದರು.

ಗುಮಾಸ್ತರಿಗೆ ನೀರು ಸರಬರಾಜು ಕಚೇರಿಯ ಟಪಾಲು ಶಾಖೆಯಲ್ಲಿ ಕೆಲಸ. ಬಂದ ಕಾಗದಕ್ಕೆ ಆವಕ ನಂಬರು, ಹೋಗುವ ಕಾಗದಕ್ಕೆ ಜಾವಕ ನಂಬರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಗದವನ್ನೂ ಅವರು ಮೊದಲ ಸಾಲಿನಿಂದ ಕೆಳಕ್ಕೆ ಓದಿದವರಲ್ಲ. ಓದುವುದು ಬೇರೆ ಶಾಖೆಯ ಕೆಲಸ. ಷಡ್ಡಕರಾದರೋ ಕಾಲೇಜಿನಲ್ಲಿ ಅಧ್ಯಾಪಕರು, ಹೆಸರಿನ ಹಿಂದೆ ಡಾಕ್ಟರು. ಆ ದಿನ ಊಟಕ್ಕೆ ಬಂದಿದ್ದ ಅತಿಥಿಗಳಿಗೆ ಅವರು ಗುಮಾಸ್ತರನ್ನು ಪರಿಚಯಿಸಿದರು: "ಇವರು ನಮ್ಮ ಷಡ್ಡಕರು. ನೀರಿನ ಆಫೀಸಲ್ಲಿ... ಏನೋ ಸೀಲು ಹೊಡೀತಾರೆ."

"ಈ ವರ್ಷ ಎಂ.ಎ.ಗೆ ಸೇರ್ತಿದ್ದೀನಿ" ಎಂದು ಯಾರೋ ಹೇಳಿದ್ದು ಗುಮಾಸ್ತರ ಕಿವಿಗೆ ಬಿತ್ತು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದುದರಿಂದ ಹೇಳಿದವರು ತಾವೇ ಇರಬೇಕೆಂದು ಅವರಿಗೆ ಅನುಮಾನವಾಯಿತು.

"ಓಹೋ! ಯಾವ ವಿಷಯ?"

ಅಂದು ಬೆಳಿಗ್ಗೆ ತಾನೇ ಸಮಾಜಶಾಸ್ತ್ರ ವಿಭಾಗದಿಂದ ಬಂದ ಒಂದು ಕಾಗದಕ್ಕೆ ಅವರು ನಂಬರು ಹಾಕಿದ್ದರು. ತಮ್ಮ ತೊಟ್ಟಿಗೆ ನಾಲ್ಕು ದಿನದಿಂದ ನೀರಿಲ್ಲ ಎಂದು ಆ ವಿಭಾಗದ ದೂರು.

"ಸಮಾಜಶಾಸ್ತ್ರ" ಎಂದರು ಗುಮಾಸ್ತರು.

ವಾಪಸು ಬರುವ ಬಸ್ಸಿನಲ್ಲಿ ಅವರ ಹೆಂಡತಿ ಹದಿನೇಳು ವರ್ಷದಲ್ಲಿ ಕೇಳರಿಯದ ಮೃದುವಾದ ದನಿಯಲ್ಲಿ "ಕಿಟಕಿ ಪಕ್ಕ ನೀವು ಕೂತ್ಕೊಳ್ಳಿ" ಎಂದರು. ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಬರುವ ಮುಂಚೆ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತ್ತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಅರ್ಜಿ ತಂದದ್ದಾಯಿತು. ಹುಟ್ಟಿದ ದಿನಾಂಕ, ಹಳೆಯ ಅಂಕಪಟ್ಟಿ, ಎರಡು ಭಾವಚಿತ್ರ ಎಲ್ಲ ಸಲೀಸು. ಕೊನೆಯ ಪುಟದಲ್ಲಿ ಮಾತ್ರ ಒಂದು ಸೂಚನೆ ಇತ್ತು: "ಅರ್ಜಿದಾರರು ತಾವು ವಾಸಿಸುವ ಒಂದು ಸಣ್ಣ ಸಮೂಹವನ್ನು ಖುದ್ದಾಗಿ ಗಮನಿಸಿ, ಜನರ ಪಟ್ಟಿಯೂ ಸೇರಿದಂತೆ ಹತ್ತು ಪುಟಗಳ ವರದಿಯನ್ನು ಲಗತ್ತಿಸತಕ್ಕದ್ದು."

ಮಗಳು ಅದನ್ನು ಎರಡು ಸಲ ಓದಿದಳು. "ಅಪ್ಪ, ನೀವು ಗಮನಿಸಬೇಕಂತೆ. ಆಗುತ್ತಾ?"

"ಯಾಕಾಗಲ್ಲ?" ಎಂದು ತಲೆಯೆತ್ತಿದ ಗುಮಾಸ್ತರು ಬೆಚ್ಚಿದರು. "ನೀನು ಯಾವಾಗಿಂದ ಕನ್ನಡಕ ಹಾಕ್ತಿದ್ದೀಯ?"

"ಎರಡು ವರ್ಷ ಆಯ್ತು" ಎಂದಳು ಮಗಳು.

ಅವರ ಕಟ್ಟಡ ಹಳೆಯದು. ಒಂದು ಮಹಡಿಗೆ ನಾಲ್ಕರಂತೆ ಮೂರು ಮಹಡಿಗೆ ಹನ್ನೆರಡು ಮನೆ, ನಡುವೆ ಒಂದೇ ಮೆಟ್ಟಿಲ ಸಾಲು, ಮೇಲೆ ತಾರಸಿ. ಭುಜದೆತ್ತರದವರೆಗೆ ಕಂದು ಬಣ್ಣ, ಅದರ ಮೇಲೆ ಹಿಂದೊಮ್ಮೆ ಬಿಳಿಯಾಗಿದ್ದ ಬಣ್ಣ. ಮಧ್ಯಾಹ್ನ ಹನ್ನೆರಡು ಗಂಟೆಗೂ ಆ ಮೆಟ್ಟಿಲುಗಳಲ್ಲಿ ಸಂಜೆಯ ಬೆಳಕು. ಗುಮಾಸ್ತರದು ಎಂಟನೇ ಮನೆ. ಬಾಗಿಲುಗಳ ಮೇಲಿನ ಹನ್ನೆರಡು ನಂಬರುಗಳೂ ಅವರಿಗೆ ಬಾಯಿಪಾಠ. ಬಾಗಿಲಿನ ಹಿಂದಿರುವವರ ವಿಷಯಕ್ಕೆ ಅವರು ಹೋದವರಲ್ಲ. ಒಂಬತ್ತಕ್ಕೆ ತಲೆ ತಗ್ಗಿಸಿಕೊಂಡು ಇಳಿಯುವುದು, ಆರಕ್ಕೆ ತಲೆ ತಗ್ಗಿಸಿಕೊಂಡು ಹತ್ತುವುದು.

ಭಾನುವಾರ ಒಂದು ನೋಟುಪುಸ್ತಕ ಹಿಡಿದು ಹೊರಟರು. ಮಗಳು ನಾಲ್ಕು ಪ್ರಶ್ನೆ ಬರೆದುಕೊಟ್ಟಿದ್ದಳು: ಮನೆಯಲ್ಲಿ ಎಷ್ಟು ಜನ, ಯಾರಿಗೆ ಯಾರು ಏನಾಗಬೇಕು, ಎಷ್ಟು ವರ್ಷದಿಂದ ಇದ್ದೀರಿ, ಕಷ್ಟ ಬಂದರೆ ಮೊದಲು ಯಾರನ್ನು ಕರೆಯುತ್ತೀರಿ.

ನೀರಿನ ಆಫೀಸಿನವರು ತಲೆ ಎಣಿಸುತ್ತಿದ್ದಾರೆ ಎಂಬ ಸುದ್ದಿ ಅವರಿಗಿಂತ ಅರ್ಧ ಮಹಡಿ ಮುಂದೆ ಹೋಗುತ್ತಿತ್ತು. ಒಂದನೇ ಮನೆಯ ಹೊಲಿಗೆಯಮ್ಮ "ನಾನೊಬ್ಳೇ ಇರೋದು, ನೀರೇ ಖರ್ಚಾಗಲ್ಲ" ಎಂದರು. ಅವರ ಬೆನ್ನ ಹಿಂದೆ, ಪರದೆಯ ಕೆಳಗೆ, ಆರು ಪಾದಗಳು ಸಾಲಾಗಿ ನಿಂತಿದ್ದವು. ಗುಮಾಸ್ತರು 'ಒಬ್ಬರು' ಎಂದು ಬರೆದುಕೊಂಡರು. ಅಷ್ಟರಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿಗಳು, ಅಂದರೆ ಹನ್ನೆರಡನೇ ಮನೆಯವರು, ಹೊಸ ತೊಟ್ಟಿಯನ್ನು ತಲೆಲೆಕ್ಕದ ಮೇಲೆ ಮಂಜೂರು ಮಾಡುತ್ತಾರೆಂದು ಎಲ್ಲೋ ಕೇಳಿ ಬಂದರು. ಮರುವಾರ ಜನ ಏಕಾಏಕಿ ಹೆಚ್ಚಿದರು. ಮೂರನೇ ಮನೆಯ ನಿವೃತ್ತ ಕಂಡಕ್ಟರು ಇನ್ನೂ ಗೊತ್ತೇ ಆಗದ ಅಳಿಯನ ಹೆಸರನ್ನೂ ಬರೆಸಿದರು. ಮೂರನೇ ವಾರ ಮಗಳು ಜೊತೆಗೆ ಬಂದು, ಕನ್ನಡಕದ ಮೇಲಿಂದ ಒಂದೊಂದೇ ಮುಖ ನೋಡಿ ಲೆಕ್ಕ ಮುಗಿಸಿದಳು. ಹನ್ನೆರಡು ಮನೆ, ನಲವತ್ತಮೂರು ಜನ.

ಅಂದು ಸಂಜೆ ಊಟದ ಮೇಜಿನ ಮೇಲೆ ಪಟ್ಟಿ ತಯಾರಾಗುತ್ತಿತ್ತು. ಮಗಳು ಓದುವುದು, ಗುಮಾಸ್ತರು ಬರೆಯುವುದು. ನಾಲ್ಕನೇ ಪ್ರಶ್ನೆಗೆ ಬಂದರು.

"ಒಂದನೇ ಮನೆ. ಕಷ್ಟ ಬಂದ್ರೆ ಮೇಲಿನ ಮನೆ ಮಾವನ್ನ ಕರೀತಾರೆ, ಸಾಸಿವೆ ಬಣ್ಣದ ಮಫ್ಲರ್ ಹಾಕ್ತಾರಲ್ಲ ಅವರು. ಎರಡನೇ ಮನೆ, ಎದುರುಮನೆ ಮಫ್ಲರ್ ಮಾವ. ಆರನೇ ಮನೆ, ಕೆಳಗಿನ ಮನೆ ಮಫ್ಲರ್ ತಾತ. ಹನ್ನೊಂದನೇ ಮನೆ..." ಮಗಳು ನಿಲ್ಲಿಸಿದಳು. ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. "ಅಪ್ಪ, ಹನ್ನೊಂದು ಮನೆಯವರೂ ಒಬ್ಬರನ್ನೇ ಹೇಳಿದ್ದಾರೆ. ಆದ್ರೆ ಅವರು ಯಾವ ಮನೆ ಲೆಕ್ಕದಲ್ಲೂ ಇಲ್ಲ."

"ಯಾರದು ಮಫ್ಲರ್?"

"ಅಯ್ಯೋ, ಮಫ್ಲರ್ ತಾತ ಗೊತ್ತಿಲ್ವಾ? ನನ್ನ ಸೈಕಲ್ ಚೈನ್ ಹಾಕಿಕೊಡ್ತಾರಲ್ಲ... ಅಮ್ಮಾ, ಅವರು ನಮಗೆ ಏನಾಗ್ಬೇಕು?"

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ನಿಮ್ಮಪ್ಪನ ಚಿಕ್ಕಪ್ಪ ಕಣೇ."

ಗುಮಾಸ್ತರ ಪೆನ್ನು ನಿಂತಿತು. "ನನಗೆ ಚಿಕ್ಕಪ್ಪನೇ ಇಲ್ಲ."

ಅಡುಗೆಮನೆಯಲ್ಲಿ ನಲ್ಲಿ ಬಂದಾಯಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. "ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ನಮ್ಮಪ್ಪ ಒಬ್ಬನೇ ಮಗ."

"ಹಾಗಾದ್ರೆ ಹತ್ತು ವರ್ಷದಿಂದ ನಾನು ಊಟ ಹಾಕ್ತಿರೋದು ಯಾರಿಗೆ?"

ಮೂವರೂ ಸ್ವಲ್ಪ ಹೊತ್ತು ಮೇಜಿನ ನಾಲ್ಕನೇ ಕುರ್ಚಿಯನ್ನು ನೋಡಿದರು.

"ನೀವು ಆಫೀಸಿಗೆ ಹೋದ ಮೇಲೆ ಬರ್ತಾರೆ" ಎಂದರು ಹೆಂಡತಿ, ದನಿ ತಗ್ಗಿಸಿ. "ತಿಂಗಳಿಗೆ ಎರಡು ಸಲ. ತಟ್ಟೆ ತಾವೇ ತೊಳೆದಿಟ್ಟು ಹೋಗ್ತಾರೆ. ಬಂದ ಮೊದಲನೇ ದಿನವೇ ಅಂದ್ರು, ನಿಮ್ಮ ಯಜಮಾನರು ಹುಡುಗ ಆಗಿದ್ದಾಗ ಮೂಗು ಹಿಡ್ಕೊಂಡೇ ನೀರು ಕುಡೀತಿದ್ರು ಅಂತ. ಮನೆಯವರಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?"

ಅದು ನಿಜ. ಹತ್ತು ವರ್ಷ ತುಂಬುವವರೆಗೆ ಅವರು ಮೂಗು ಹಿಡಿಯದೆ ನೀರು ಕುಡಿದವರಲ್ಲ. ಅದು ಗೊತ್ತಿದ್ದುದು ಅವರ ತಾಯಿಗೆ ಮಾತ್ರ. ತಾಯಿ ತೀರಿಕೊಂಡು ಹತ್ತೊಂಬತ್ತು ವರ್ಷ. ಅದೂ ಬೇರೆ ಊರಿನಲ್ಲಿ.

"ನನಗೆ ಯಾಕೆ ಹೇಳಲಿಲ್ಲ ನೀನು?"

"ನಿಮ್ಮ ಚಿಕ್ಕಪ್ಪನ ವಿಷಯ ನಿಮಗೇನು ಹೇಳೋದು? ಮಾತು ಬಿಟ್ಟಿದ್ದೀರಿ ಅಂದ್ಕೊಂಡೆ. ನಿಮ್ಮ ಕಡೆಯವರಲ್ಲಿ ನೀವು ಯಾರ ಹತ್ರ ಮಾತಾಡ್ತೀರಿ?"

ಮರುದಿನ ಗುಮಾಸ್ತರು ಕಟ್ಟಡದ ಅತಿ ಹಳಬರಾದ ಕಂಡಕ್ಟರ ಮನೆಗೆ ಹೋದರು. "ಮಫ್ಲರಾ? ಅವರು ನಿಮ್ಮ ಮಹಡಿಯವರಲ್ವಾ?" ಎಂದರು ಕಂಡಕ್ಟರು. "ನಾನು ಈ ಮನೆಗೆ ಬಂದು ಇಪ್ಪತ್ತಾರು ವರ್ಷ. ಬಂದ ದಿನ ಬೀರು ಇಳಿಸೋಕೆ ಕೈಕೊಟ್ಟವರೇ ಅವರು. ಆಗಲೂ ಇಷ್ಟೇ ವಯಸ್ಸು." ಅಷ್ಟು ಹೇಳಿ ಕಂಡಕ್ಟರು ತಮ್ಮ ಮಾತನ್ನು ತಾವೇ ಇನ್ನೊಂದು ಸಲ ಮನಸ್ಸಿನಲ್ಲಿ ಕೇಳಿಸಿಕೊಂಡರು. ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು. ಗುಮಾಸ್ತರು ಇನ್ನೂ ಒಳಗೇ ಇದ್ದದ್ದು ಅವರಿಗೆ ಆಮೇಲೆ ನೆನಪಾಯಿತು.

ಅಲ್ಲಿಂದ ಮುಂದೆ ಮೆಟ್ಟಿಲಿನ ಮೇಲೆ ಎರಡೇ ಮಾತು ಕೇಳಿಬರುತ್ತಿದ್ದವು. ಒಂದು, "ನಿಮ್ಮವರಲ್ವಾ?" ಇನ್ನೊಂದು, "ನಮ್ಮವರಲ್ಲಪ್ಪ!" ಕಾರ್ಯದರ್ಶಿಗಳು ಭಾನುವಾರ ಮಧ್ಯಾಹ್ನ ತಾರಸಿಯ ಮೇಲೆ ತುರ್ತು ಸಭೆ ಕರೆದರು. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಸಹಿ ಬಿತ್ತು. ಹೊಲಿಗೆಯಮ್ಮ ಮೂವತ್ತೊಂದು ಲೋಟಕ್ಕೆ ಚಹಾ ಬಗ್ಗಿಸಿ ಹಂಚಿದರು.

"ಮಹನೀಯರೇ," ಎಂದರು ಕಾರ್ಯದರ್ಶಿಗಳು, "ನಮ್ಮ ನಡುವೆ ಒಬ್ಬ ಅನಾಮಧೇಯ ವ್ಯಕ್ತಿ ಇಪ್ಪತ್ತಾರು ವರ್ಷದಿಂದ ವಾಸ ಇದ್ದಾನೆ. ನಿರ್ವಹಣಾ ವಂತಿಗೆ ಇಲ್ಲ, ಸದಸ್ಯತ್ವ ಇಲ್ಲ, ಮನೆಯೇ ಇಲ್ಲ! ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಜವಾಬ್ದಾರಿ ಯಾರದು?"

"ಇಪ್ಪತ್ತಾರು ವರ್ಷದಲ್ಲಿ ಏನೂ ಆಗಿಲ್ಲವಲ್ಲ" ಎಂದಳು ನಾಲ್ಕನೇ ಮನೆಯ ನರ್ಸು.

"ಅದೇ ಅನುಮಾನಕ್ಕೆ ಕಾರಣ!" ಎಂದರು ಕಾರ್ಯದರ್ಶಿಗಳು.

ನಿರ್ಣಯ ಪಾಸಾಯಿತು. ಗುಮಾಸ್ತರು ಅರ್ಜಿಗೆಂದು ಬರೆಯುತ್ತಿರುವ ವರದಿಯ ಒಂದು ಪ್ರತಿಯನ್ನು ಸಂಘಕ್ಕೆ ಕೊಡತಕ್ಕದ್ದು. ಅದನ್ನೇ ಆಧಾರವಾಗಿಟ್ಟುಕೊಂಡು ಪೊಲೀಸರಿಗೆ ದೂರು ಕೊಟ್ಟು ಆಸಾಮಿಯನ್ನು ಹೊರಗೆ ಹಾಕಿಸತಕ್ಕದ್ದು. ಎಲ್ಲರೂ ಕೈಯೆತ್ತಿದರು. ಹೊಲಿಗೆಯಮ್ಮ ಖಾಲಿ ಲೋಟ ಎಣಿಸಿ ತಟ್ಟೆಗೆ ಜೋಡಿಸಿದರು. ಮತ್ತೆ ಎಣಿಸಿದರು.

"ಮೂವತ್ತೆರಡು ಇದೆ" ಎಂದರು.

ಒಬ್ಬೊಬ್ಬರೂ ತಮ್ಮ ಎಡಗಡೆ ನೋಡಿದರು, ಬಲಗಡೆ ನೋಡಿದರು. ಗುಮಾಸ್ತರು ಕೊನೆಯ ಲೋಟವನ್ನು ಮುಟ್ಟಿ ನೋಡಿದರು. ತಳ ಇನ್ನೂ ಬೆಚ್ಚಗಿತ್ತು.

"ತಾರಸಿ ಬಾಗಿಲ ಬೀಗ ತೆಗೆದದ್ದು ಯಾರು?" ಎಂದು ಕಂಡಕ್ಟರು ಪಿಸುಗುಟ್ಟಿದರು. ಆ ಬೀಗ ಕಾರ್ಯದರ್ಶಿಗಳ ಕೈಗೆ ಎಂದೂ ಬಗ್ಗಿದ್ದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಸಭೆ ವಂದನಾರ್ಪಣೆಯಿಲ್ಲದೆ ಮುಗಿಯಿತು. ಇಳಿಯುವಾಗ ಎಲ್ಲರೂ ಮಧ್ಯದಲ್ಲಿರಲು ಹವಣಿಸಿದ್ದರಿಂದ ಮೆಟ್ಟಿಲಿನಲ್ಲಿ ಮುಕ್ಕಾಲು ಗಂಟೆ ಹಿಡಿಯಿತು.

ಮರುದಿನದಿಂದ ಯಾರೂ ಮಫ್ಲರಿನವರನ್ನು ಕರೆಯಲಿಲ್ಲ. ಕರೆದರೆ 'ನಮ್ಮವರು' ಅಂತಾಗುತ್ತದಲ್ಲ! ಆರನೇ ಮನೆಯವರ ಬಚ್ಚಲ ಬಾಗಿಲು ಒಳಗಿನಿಂದ ಸಿಕ್ಕಿಕೊಂಡು, ಮನೆಯ ಯಜಮಾನರು ಅಲ್ಲೇ ಪತ್ರಿಕೆ ಓದಿ, ಅಲ್ಲೇ ಊಟ ಮಾಡಿದರು. ನರ್ಸಿನ ವಯಸ್ಸಾದ ತಾಯಿ, ಆ ಮಫ್ಲರಿನವನು ಬಂದು ಕೊಟ್ಟರೇ ಮಾತ್ರೆ, ಇಲ್ಲದಿದ್ದರೆ ಬೇಡ ಎಂದು ಬಾಯಿ ಬಿಗಿಹಿಡಿದರು. ಮೆಟ್ಟಿಲಿನಲ್ಲಿ ಎದುರಾದವರು ಗುಮಾಸ್ತರನ್ನು ದುರುಗುಟ್ಟಿ ನೋಡಿದರು. ಎಣಿಸುವ ಮುಂಚೆ ಎಲ್ಲ ಸರಿಯಾಗಿತ್ತಲ್ಲ ಎಂಬ ನೋಟ ಅದು. ಒಬ್ಬೊಬ್ಬರಾಗಿ ಗುಟ್ಟಿನಲ್ಲಿ ಮನೆಗೂ ಬಂದರು. "ಬರೀರಿ, ಬೇಡ ಅನ್ನಲ್ಲ. ನಮ್ಮ ಕಾಲಂನಲ್ಲಿ ಮಾತ್ರ ಬೇಡ. ಪಕ್ಕದವರದ್ರಲ್ಲಿ ಬರೀರಿ."

ಬುಧವಾರ ಗುಮಾಸ್ತರು ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಎರಡೂವರೆಗೆ ಮನೆಗೆ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ದಿನ ಆ ಹೊತ್ತಿನಲ್ಲಿ ಅವರು ಆ ಮೆಟ್ಟಿಲು ಕಂಡದ್ದೇ ಇಲ್ಲ. ಎಲ್ಲ ಬಾಗಿಲೂ ಮುಚ್ಚಿದ್ದವು. ಹತ್ತತೊಡಗಿದಾಗ ಮೇಲೆ ಇನ್ನೊಬ್ಬರು ಹತ್ತುವ ಸದ್ದು ಕೇಳಿಸಿತು, ಸರಿಯಾಗಿ ಅರ್ಧ ಮಹಡಿ ಮುಂದೆ. ಅವರು ನಿಂತರು. ಮೇಲಿನ ಹೆಜ್ಜೆ ಮರ್ಯಾದೆಗೆಂಬಂತೆ ಇನ್ನೊಂದು ಮೆಟ್ಟಿಲು ಹತ್ತಿ ನಿಂತಿತು. ತಮ್ಮ ಮನೆಯ ಬಾಗಿಲಿಗೆ ಬಂದಾಗ ಒಳಗೆ ಹೋಗಿಬಿಡೋಣವೆಂದು ಅವರ ಕೈ ಬೀಗದ ಕೈಯನ್ನು ಹುಡುಕಿತು. ಕಾಲು ಮಾತ್ರ ಮೇಲಕ್ಕೇ ಹೋಯಿತು.

ತಾರಸಿಯ ಬಾಗಿಲಿನ ಕೆಳಗಿನ ಮೆಟ್ಟಿಲ ಮೇಲೆ ಒಬ್ಬರು ಕೂತು ಸೌಟಿನ ಹಿಡಿಗೆ ತಂತಿ ಸುತ್ತುತ್ತಿದ್ದರು. ಬೇಸಿಗೆಯಲ್ಲೂ ಕತ್ತಿನ ಸುತ್ತ ಸಾಸಿವೆ ಬಣ್ಣದ ಮಫ್ಲರು. ಅದರ ಒಂದು ತುದಿ ಸುಟ್ಟು ಕರಕಲಾಗಿತ್ತು. ಮುಖ ಹೇಗಿತ್ತೆಂದು ಆಮೇಲೆ ಎಷ್ಟು ನೆನಪಿಸಿಕೊಂಡರೂ ಗುಮಾಸ್ತರಿಗೆ ಹೊಳೆಯಲಿಲ್ಲ. ದಿನಕ್ಕೆ ಇನ್ನೂರು ಸಲ ಕೈಗೆ ಬರುವ ಕಂದು ಲಕೋಟೆಯಂಥ ಮುಖ.

"ಬನ್ನಿ, ಕೂತ್ಕೊಳ್ಳಿ" ಎಂದರು ಅವರು. "ಅರ್ಧ ದಿನ ರಜಾ ಹಾಕಿದ್ರಾ? ಬೇಡವಾಗಿತ್ತು. ನಿಮಗೆ ಉಳಿದಿದ್ದೇ ಮೂರು."

ಮೂರೇ ಉಳಿದಿದ್ದವು. ಗುಮಾಸ್ತರು ಎರಡು ಮೆಟ್ಟಿಲು ಕೆಳಗೇ ನಿಂತು ಕೇಳಿದರು. "ನೀವು ಯಾವ ಮನೆಯವರು?"

"ಅದನ್ನ ನಾನೂ ಒಂದ್ಸಲ ಕೂತು ಯೋಚನೆ ಮಾಡ್ಬೇಕು ಅಂತಿದ್ದೆ. ಅಷ್ಟರಲ್ಲಿ ಏಳನೇ ಮನೆ ಕುಕ್ಕರ್ ಮುಚ್ಚಳ ಸಿಕ್ಕಿಕೊಳ್ತು."

"ರಾತ್ರಿ ಎಲ್ಲಿ ಮಲಗ್ತೀರಿ?"

"ಹನ್ನೆರಡು ಮನೆಯಲ್ಲಿ ಒಬ್ಬರಿಗಾದರೂ ಮೈ ಹುಷಾರಿರಲ್ಲವಲ್ಲ. ಅವರ ಪಕ್ಕ ಕೂತಿರ್ತೀನಿ."

"ಹೆಸರು?"

"ಫಾರಂನಲ್ಲಿ ಹೆಸರಿಗೆ ಎಷ್ಟು ಜಾಗ ಬಿಟ್ಟಿದ್ದಾರೆ?"

ಗುಮಾಸ್ತರು ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದರು. ಅವರು ಕಣ್ಣಳತೆಯಲ್ಲೇ ನೋಡಿ "ಸಾಲಲ್ಲ" ಎಂದು ತಲೆಯಾಡಿಸಿದರು.

"ನಾನು ಮೂಗು ಹಿಡಿದು ನೀರು ಕುಡೀತಿದ್ದದ್ದು ನಿಮಗೆ ಹೇಗೆ ಗೊತ್ತು?"

"ನಿಮ್ಮಮ್ಮ ಬೈತಾ ಇರ್ಲಿಲ್ವಾ?" ಎಂದರು ಅವರು, ಅಷ್ಟಕ್ಕೆ ಎಲ್ಲ ಅರ್ಥವಾಗಬೇಕು ಎನ್ನುವ ಹಾಗೆ. ತಂತಿಯ ತುದಿಯನ್ನು ಹಲ್ಲಿನಿಂದ ಕಡಿದರು. "ನನ್ನ ಬರೀತೀರಾ?"

ಬೇಡ ಅನ್ನಿ, ಬರೆಯುವುದಿಲ್ಲ ಎಂದು ಹೇಳಲು ಗುಮಾಸ್ತರು ಬಾಯಿ ತೆರೆದರು. ಆದರೆ ಹೊರಬಂದದ್ದು ಕಚೇರಿಯ ಮಾತು. "ಬಂದ ಕಾಗದ ಬಂದಿಲ್ಲ ಅಂತ ಬರೆಯೋಕೆ ನನಗೆ ಬರಲ್ಲ."

"ಸರಿ. ನಿಮ್ಮ ಕೆಲಸ ನೀವು ಮಾಡ್ಲೇಬೇಕಲ್ಲ." ಅವರು ಸೌಟನ್ನು ಮೆಟ್ಟಿಲ ಮೇಲಿಟ್ಟು ಎದ್ದರು. ಕೆಳಗೆ ಬಾಗಿ "ಬಂದೆ, ಬಂದೆ!" ಎಂದು ಕೂಗಿ, ಗುಮಾಸ್ತರ ಭುಜಕ್ಕೆ ತಾಗದಂತೆ ಪಕ್ಕದಲ್ಲೇ ಇಳಿದುಹೋದರು.

ಯಾರೂ ಕರೆದಿರಲಿಲ್ಲ. ಗುಮಾಸ್ತರು ಅದನ್ನೇ ಯೋಚಿಸುತ್ತ ನಿಂತಿದ್ದಾಗ ನೆಲಮಹಡಿಯಿಂದ ನರ್ಸಿನ ತಾಯಿಯ ಕ್ಷೀಣ ದನಿ ಮೇಲೇರಿ ಬಂತು: "ಬಿದ್ಬಿಟ್ಟೆ ಕಣ್ರೋ, ಯಾರಾದ್ರೂ ಬನ್ರೋ..."

ಗುಮಾಸ್ತರು ಆ ವಾರ ವರದಿ ಬರೆದರು. ಜನಸಂಖ್ಯೆಯ ಕಡೆ ನಲವತ್ತಮೂರು ಎಂದೇ ಬರೆದರು. ಆ ಮುದುಕಿಯ ಕೂಗು ಕೇಳಿದ ಮೇಲೆ ಆಸಾಮಿಯ ಸುದ್ದಿ ಎತ್ತಲು ಮನಸ್ಸಾಗಲಿಲ್ಲ. ನಾಲ್ಕನೇ ಪ್ರಶ್ನೆಯ ಉತ್ತರಗಳನ್ನು ಮಾತ್ರ ಅಳಿಸಲು ಕೈ ಬರಲಿಲ್ಲ. ಕಾರ್ಯದರ್ಶಿಗಳು ಪ್ರತಿ ಕೇಳಿದಾಗ "ಸಂದರ್ಶನ ಮುಗೀಲಿ" ಎಂದು ತಳ್ಳಿಹಾಕಿದರು.

ಸಂದರ್ಶನದ ಕೋಣೆಯಲ್ಲಿ ಮೂವರು ಕೂತಿದ್ದರು. ಒಬ್ಬರು ನಿದ್ದೆಯಲ್ಲಿದ್ದರು, ಇನ್ನೊಬ್ಬರು ನಿದ್ದೆಗೆ ಹೊರಟಿದ್ದರು. ನಡುವೆ ವಿಭಾಗದ ಮುಖ್ಯಸ್ಥೆ. ನಿವೃತ್ತಿಗೆ ಹತ್ತಿರವಾದ ಹೆಂಗಸು, ದಾರಕ್ಕೆ ಕಟ್ಟಿದ ಕನ್ನಡಕ.

"ಈ ವಯಸ್ಸಿನಲ್ಲಿ ಎಂ.ಎ. ಯಾಕೆ?" ಎಂದು ಕೇಳಿದರು.

ಮಗಳು ಇದಕ್ಕೆ ಎಂಟು ವಾಕ್ಯದ ಉತ್ತರ ಬರೆದು ಉರುಹೊಡೆಸಿದ್ದಳು. ಎಂಟೂ ಒಟ್ಟಿಗೆ ಹಾರಿಹೋದವು. "ಬಾಯಿ ತಪ್ಪಿ, ಮೇಡಂ" ಎಂದರು ಗುಮಾಸ್ತರು.

ಮುಖ್ಯಸ್ಥೆ ಮೊದಲ ಸಲ ಅವರ ಮುಖ ನೋಡಿದರು. ಆಮೇಲೆ ಪಟ್ಟಿ ನೋಡಿದರು. ಬೆರಳು ನಾಲ್ಕನೇ ಕಾಲಂನ ಉದ್ದಕ್ಕೂ ನಿಧಾನವಾಗಿ ಇಳಿಯಿತು. "ಹನ್ನೊಂದು ಮನೆಯವರು ಕಷ್ಟಕ್ಕೆ ಕರೆಯೋದು ಒಬ್ಬರನ್ನೇ. ಅವರು ನಿಮ್ಮ ಲೆಕ್ಕದಲ್ಲಿ ಇಲ್ಲ. ಯಾರು ಇವರು?"

ಗುಮಾಸ್ತರ ಕಣ್ಣ ಮುಂದೆ ಕಾರ್ಯದರ್ಶಿಗಳು, ಪೊಲೀಸರು, ಬಾಯಿ ಬಿಗಿಹಿಡಿದ ಮುದುಕಿ ಎಲ್ಲ ಹಾದುಹೋದರು. "ನಮ್ಮ ಮನೆಯವರು, ಮೇಡಂ. ನನ್ನ ಚಿಕ್ಕಪ್ಪ."

"ಹಾಗಾದ್ರೆ ಒಟ್ಟು ನಲವತ್ತನಾಲ್ಕು. ತಿದ್ದಿ ಸಹಿ ಹಾಕಿ."

ತಿದ್ದಿದರು. ಸಹಿ ಹಾಕಿದರು. ಜವಾನ ಫೈಲನ್ನು ಎತ್ತಿಕೊಂಡು ಹೊರಗೆ ಹೋದ. ಮುಖ್ಯಸ್ಥೆ ಮುಂದಿನವರನ್ನು ಕರೆಯಲಿಲ್ಲ. ಕನ್ನಡಕ ತೆಗೆದು ಕಿಟಕಿಯ ಕಡೆ ನೋಡುತ್ತ ಕೂತರು.

"ಆ ಮಫ್ಲರಿನ ಒಂದು ತುದಿ ಸುಟ್ಟಿದೆಯಾ?"

ವರದಿಯಲ್ಲಿ ಆ ಮಾತಿರಲಿಲ್ಲ. ಗುಮಾಸ್ತರು ಅದನ್ನು ಹೆಂಡತಿಗೂ ಹೇಳಿರಲಿಲ್ಲ. "ಹೌದು" ಎಂದರು.

"ನಮ್ಮ ಸ್ಟೌವಿಗೆ ತಗುಲಿ ಸುಟ್ಟದ್ದು ಅದು. ನಾನಾಗ ಓದ್ತಿದ್ದೆ. ನಮ್ಮ ಕಟ್ಟಡದಲ್ಲಿ ಹದಿನಾರು ಮನೆ. ನಮ್ಮಮ್ಮ ಅವರನ್ನ ಎದುರುಮನೆಯವರು ಅಂದ್ಕೊಂಡಿದ್ರು, ಎದುರುಮನೆಯವರು ನಮ್ಮವರು ಅಂದ್ಕೊಂಡಿದ್ರು. ನಾನು ಜಾಣೆ, ಕಂಡುಹಿಡಿದೆ. ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಅವರ ಮೇಲೇ ಬರೆದೆ. ಎಲ್ಲರೂ ಹೊಗಳಿದ್ರು." ಅವರು ಕನ್ನಡಕ ಒರೆಸಿದರು. "ಪ್ರಬಂಧಕ್ಕೆ ಆವಕ ನಂಬರು ಬಿದ್ದ ಮಧ್ಯಾಹ್ನದಿಂದ ಅವರು ಕಾಣಲಿಲ್ಲ. ಇಪ್ಪತ್ತಾರು ವರ್ಷ ಆಯ್ತು."

"ಆಮೇಲೆ ಕಟ್ಟಡಕ್ಕೆ ಏನಾಯ್ತು, ಮೇಡಂ?"

"ಏನೂ ಆಗ್ಲಿಲ್ಲ. ಬಾಗಿಲು ಹಾಕ್ಕೊಂಡು ಎಲ್ಲರೂ ಚೆನ್ನಾಗೇ ಇದ್ರು. ನಮ್ಮಮ್ಮ ಬಚ್ಚಲಲ್ಲಿ ಬಿದ್ದ ದಿನ ಯಾರನ್ನ ಕೂಗ್ಬೇಕು ಅಂತ ಗೊತ್ತಾಗದೆ ಸಂಜೆವರೆಗೂ ಸುಮ್ಮನೆ ಮಲಗಿದ್ರು. ಅಷ್ಟೇ."

ಗುಮಾಸ್ತರು ಬಾಗಿಲ ಕಡೆ ನೋಡಿದರು. "ಮೇಡಂ, ನನ್ನ ಫೈಲು?"

"ಆವಕ ಶಾಖೆಗೆ ಹೋಯ್ತಲ್ಲ" ಎಂದ ಮುಖ್ಯಸ್ಥೆಯ ಬಾಯಿ ಹಾಗೇ ತೆರೆದುಕೊಂಡಿತು.

ಗುಮಾಸ್ತರು ಅನುಮತಿ ಕೇಳದೆ ಎದ್ದರು. ಕುರ್ಚಿ ಬಿದ್ದ ಸದ್ದಿಗೆ ನಿದ್ದೆಯಲ್ಲಿದ್ದ ಸದಸ್ಯರು ಎಚ್ಚೆತ್ತು "ಸೇರಿಸ್ಕೊಳ್ಳೋಣ" ಎಂದರು.

ಓಣಿಯ ಕೊನೆಗೆ ಆವಕ ಶಾಖೆ. ಮೇಜಿನ ಹಿಂದೆ ತೆಳ್ಳಗಿನ ಗುಮಾಸ್ತರೊಬ್ಬರು ನಂಬರಿನ ಮೊಹರನ್ನು ಮಸಿಪೆಟ್ಟಿಗೆಗೆ ಒತ್ತಿ ಎತ್ತಿದ್ದರು. ಅದರ ಕೆಳಗಿದ್ದದ್ದು ನಮ್ಮ ಗುಮಾಸ್ತರ ಫೈಲು. ಎರಡು ರಾಜ್ಯಗಳ ಸೇನಾಪತಿಗಳು ಎದುರಾದಂತೆ ಟಪಾಲಿನವರಿಬ್ಬರೂ ಒಬ್ಬರನ್ನೊಬ್ಬರು ಅಳೆದರು.

"ನಂಬರು ಬಿತ್ತಾ?"

"ಈಗ ಬೀಳುತ್ತೆ."

"ಸ್ವಾಮಿ, ಆ ಕಾಗದ ವಾಪಸ್ ಕೊಡಿ."

"ಮೇಜಿಗೆ ಬಂದ ಕಾಗದ ವಾಪಸ್ ಕೊಡೋ ಹಾಗಿಲ್ಲ." ಇಪ್ಪತ್ತೆರಡು ವರ್ಷ ತಾವೇ ಸಾವಿರಾರು ಜನಕ್ಕೆ ಹೇಳಿ ಕಳಿಸಿದ ಮಾತನ್ನು ಗುಮಾಸ್ತರು ಮೊದಲ ಸಲ ಮೇಜಿನ ಈಚೆಯಿಂದ ಕೇಳಿದರು. ಕೇಳುವುದಕ್ಕೆ ಚೆನ್ನಾಗಿರಲಿಲ್ಲ.

"ಲಗತ್ತು ಹತ್ತು ಪುಟ ಅಂತ ಇದೆ. ಎಣಿಸದೆ ನಂಬರು ಹಾಕ್ತೀರಾ? ನಮ್ಮಲ್ಲಿ ಹಾಕಲ್ಲ."

ವೃತ್ತಿಯ ಮರ್ಯಾದೆಗೆ ಪೆಟ್ಟುಬಿತ್ತು. ತೆಳ್ಳಗಿನವರು ಮೊಹರು ಕೆಳಗಿಟ್ಟು ಫೈಲು ಬಿಚ್ಚಿದರು. ಮೇಲಿನ ಪುಟವೇ ಜನರ ಪಟ್ಟಿ. ಗುಮಾಸ್ತರು ಅದನ್ನು ಸೆಳೆದು, ನಾಲ್ಕಾಗಿ ಮಡಿಸಿ ಬಾಯಿಗೆ ಹಾಕಿಕೊಂಡರು. ಅರ್ಜಿಗೆ ಬಳಸುವ ಕಾಗದ ದಪ್ಪ. ಅಗಿದರೂ ಇಳಿಯಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ, ಎಡಗೈಯಲ್ಲಿ ಮೂಗು ಹಿಡಿದು ಗಟಗಟ ಕುಡಿದರು. ನಲವತ್ತಮೂರು ಜನರೂ ಆ ಒಬ್ಬ ಆಸಾಮಿಯೂ ಗಂಟಲಿನಲ್ಲಿ ಕ್ಷಣಹೊತ್ತು ನಿಂತು ಒಳಗಿಳಿದರು.

"ಎಣಿಸಿ" ಎಂದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ತೆಳ್ಳಗಿನವರು ಮುಖ ಅಲುಗದೆ ಎಣಿಸಿದರು. "ಒಂಬತ್ತು" ಎಂದರು. ನಿಯಮಗಳ ಪುಸ್ತಕ ತೆಗೆದು ಎರಡು ಪುಟ ತಿರುವಿದರು. ಅರ್ಜಿದಾರರು ತಿಂದರೆ ಏನು ಮಾಡಬೇಕೆಂದು ಅದರಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಫೈಲಿನ ಮೇಲೆ ಕೆಂಪು ಮಸಿಯಲ್ಲಿ 'ಅಪೂರ್ಣ' ಎಂದು ಬರೆದು, ಯಾವ ಕಾಗದವೂ ಎಂದೂ ಹಿಂತಿರುಗದ ಒಂದು ತಟ್ಟೆಗೆ ಎಸೆದರು.

ಮನೆಯಲ್ಲಿ ಗುಮಾಸ್ತರು "ಸೀಟು ಸಿಗಲಿಲ್ಲ" ಎಂದರು. ಷಡ್ಡಕರು ಫೋನು ಮಾಡಿ ಅರ್ಧ ಗಂಟೆ ಸಂತೋಷದಿಂದ ಸಮಾಧಾನ ಹೇಳಿದರು. ವರದಿಯಿಲ್ಲದ ಕಾರಣ ಸಂಘದ ನಿರ್ಣಯ ಬಿದ್ದುಹೋಯಿತು.

ಹದಿನೈದು ದಿನದ ಮೇಲೆ ಒಂದು ಉದ್ದನೆಯ ಲಕೋಟೆ ಬಂತು. ಗುಮಾಸ್ತರು ಜೀವನದಲ್ಲೇ ಮೊದಲ ಸಲ ಒಂದು ಕಾಗದವನ್ನು ಕೊನೆಯ ಸಾಲಿನವರೆಗೆ ಓದಿದರು. ಅವರಿಗೆ ಎಂ.ಎ.ಗೆ ಪ್ರವೇಶ ಸಿಕ್ಕಿತ್ತು. "ಅರ್ಜಿಯಲ್ಲಿ ಕೊರತೆಯಿದ್ದ ಒಂದು ಪುಟವನ್ನು ತಮ್ಮ ಚಿಕ್ಕಪ್ಪನವರು ಖುದ್ದಾಗಿ ತಲುಪಿಸಿದ್ದು, ಅದರ ನಕಲನ್ನು ತಮ್ಮ ಮಾಹಿತಿಗಾಗಿ ಇದರೊಂದಿಗೆ ಇಟ್ಟಿದೆ."

ನಕಲು ತೆಗೆದರು. ಓರೆಯಾದ, ಅಚ್ಚುಕಟ್ಟಾದ, ತಮ್ಮದಲ್ಲದ ಬರವಣಿಗೆ. ಹನ್ನೆರಡು ಮನೆ. ಒಟ್ಟು ಜನ ನಲವತ್ತಮೂರು. ನಾಲ್ಕನೇ ಕಾಲಂನಲ್ಲಿ, ಕಷ್ಟ ಬಂದರೆ ಮೊದಲು ಯಾರನ್ನು ಕರೆಯುತ್ತೀರಿ ಎಂಬುದರ ಕೆಳಗೆ, ಹನ್ನೊಂದು ಮನೆಗಳ ಮುಂದೆಯೂ ಒಂದೇ ಉತ್ತರ: 'ಟಪಾಲು ಗುಮಾಸ್ತರು.' ಎಂಟನೇ ಮನೆಯ ಮುಂದೆ ಮಾತ್ರ 'ಹೆಂಡತಿ' ಎಂದಿತ್ತು.

ಅವರು ಅಡುಗೆಮನೆಗೆ ಓಡಿದರು. "ಚಿಕ್ಕಪ್ಪ ಬಂದಿದ್ರಾ?"

"ಯಾವ ಚಿಕ್ಕಪ್ಪ?" ಎಂದರು ಹೆಂಡತಿ. "ನಿಮಗೆ ಚಿಕ್ಕಪ್ಪನೇ ಇಲ್ಲ ಅಂತ ನೀವೇ ಹೇಳಿದ್ರಲ್ಲ."

ಗುಮಾಸ್ತರು ಅವರ ಮುಖವನ್ನು ಬಹಳ ಹೊತ್ತು ನೋಡಿದರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಕೆಳಗೆ ಹೋಗಿ ಕಂಡಕ್ಟರನ್ನು ಕೇಳಿದರು. ಕಂಡಕ್ಟರು "ಮಫ್ಲರಾ? ಈ ಸೆಖೇಲಿ ಯಾರು ಹಾಕ್ತಾರೆ?" ಎಂದು ನಕ್ಕು, "ಬಂದಿದ್ದು ಒಳ್ಳೇದಾಯ್ತು, ಈ ಕಿಟಕಿ ಸ್ವಲ್ಪ ನೋಡಿ" ಎಂದರು.

ಅಷ್ಟರಲ್ಲಿ ಎರಡನೇ ಮಹಡಿಯಿಂದ ಕಾರ್ಯದರ್ಶಿಗಳ ಹೆಂಡತಿಯ ಕೂಗು ಮೆಟ್ಟಿಲುಗಳ ಸುತ್ತ ತಿರುಗಿಕೊಂಡು ಇಳಿಯಿತು. "ಟಪಾಲಿನವರೇ! ಬೇಗ ಬನ್ನಿ!"

ಹೋಗಿ ನೋಡಿದರೆ, ಗೋಡೆಗೂ ದೊಡ್ಡ ಬೀರುವಿಗೂ ನಡುವೆ ಬಿದ್ದ ಯಾವುದೋ ರಸೀತಿ ಎತ್ತಲು ಹೋದ ಕಾರ್ಯದರ್ಶಿಗಳು ಹೊಟ್ಟೆಯವರೆಗೆ ಒಳಗೆ ಹೋಗಿ ಸಿಕ್ಕಿಕೊಂಡಿದ್ದರು. ಹೊರಗೆ ಕಾಣುತ್ತಿದ್ದದ್ದು ಒಂದು ಕೈ ಮತ್ತು ಒಂದು ಚಪ್ಪಲಿ. ಗುಮಾಸ್ತರಿಗೆ ಏನು ಮಾಡಬೇಕೆಂದು ತಿಳಿಯದು. ಆದರೂ ಅಂಗಿಯ ತೋಳು ಮಡಿಸಿ, ಬೀರುವಿಗೆ ಭುಜ ಕೊಟ್ಟರು.

"ಯಾರೇ ಅದು ಬಂದದ್ದು?" ಎಂದು ಬೀರುವಿನ ಹಿಂದಿನಿಂದ ದನಿ ಬಂತು.

"ಟಪಾಲಿನವರು ಕಣ್ರೀ."

"ಯಾವ ಮನೆಯವರು?"

"ಯಾವ ಮನೆಯೋ ಏನೋ" ಎಂದರು ಹೆಂಡತಿ. "ಬಂದಿದ್ದಾರಲ್ಲ, ಕೈ ಕೊಡಿ."